ಅರ್ಜಿಗೆ ಹೊಸ ವೇಷ

ಉದ್ಯೋಗ ಬೇಡುವ ಅರ್ಜಿಗೆ ನಮ್ಮಲ್ಲಿ ಬಹುಕಾಲದಿಂದ ಒಂದೇ ಅಚ್ಚು. ತಮ್ಮಲ್ಲಿ ಸ್ಥಾನವೊಂದು ತೆರವಾಗಿದೆಯೆಂದು ತಿಳಿದೆನೆಂಬುದರಿಂದ ಮೊದಲಾಗಿ, ತಂದೆಯ ಹೆಸರು, ಜನ್ಮದಿನ, ಪರೀಕ್ಷೆಗಳಲ್ಲಿ ಪಡೆದ ಅಂಕಗಳನ್ನು ಕ್ರಮವಾಗಿ ಒಪ್ಪಿಸಿ, 'ತಮ್ಮ ವಿಧೇಯ' ಎಂದು ಮುಗಿಯುವ ಆ ಕಾಗದವನ್ನು ಊರು ಬಿಟ್ಟು ಮುಂಬಯಿ ಸೇರಿದ ಎಷ್ಟು ತಲೆಮಾರುಗಳು ಬರೆದಿಲ್ಲ! ಈಗ ಅದರ ಹೆಸರು ರೆಸ್ಯೂಮೆ ಎಂದಾಗಿದೆ. ವಿಧೇಯತೆ ಹೋಗಿ ಬಣ್ಣ ಬಂದಿದೆ. ನಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ಕೆಲವು ಮದುವೆಯ ಕರೆಯೋಲೆಗಳಂತಿರುತ್ತವೆ. ಒಂದರಲ್ಲಿ ಅರ್ಜಿದಾರನು ತನ್ನ ಕನ್ನಡ ಜ್ಞಾನಕ್ಕೆ ತಾನೇ ಐದರಲ್ಲಿ ನಾಲ್ಕು ನಕ್ಷತ್ರಗಳನ್ನು ಕೊಟ್ಟುಕೊಂಡಿದ್ದನು. ಅದೇ ಪುಟದಲ್ಲಿ ಕಾಗುಣಿತದ ತಪ್ಪುಗಳು ಏಳಿದ್ದವು.

ಹಾಗೆಂದು ರೂಢಿಯನ್ನು ಮುರಿಯುವ ಅರ್ಜಿಗಳನ್ನೆಲ್ಲ ಹಳಿಯುವುದು ನಮ್ಮ ಉದ್ದೇಶವಲ್ಲ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಐನೂರು ವರ್ಷಗಳಿಗೂ ಹಿಂದಿನದು. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿಯು ಮಿಲಾನ್ ನಗರದ ಆಡಳಿತಗಾರನಾದ ಲುಡೊವಿಕೊ ಸ್ಫೋರ್ಜಾನನ್ನು ಉದ್ದೇಶಿಸಿ ಸಿದ್ಧಪಡಿಸಿದ ಪತ್ರವದು. ಅದರ ಕರಡು ಮಿಲಾನಿನ ಅಂಬ್ರೋಸಿಯಾನಾ ಗ್ರಂಥಾಲಯದಲ್ಲಿ, 'ಕೋಡೆಕ್ಸ್ ಅಟ್ಲಾಂಟಿಕಸ್' ಎಂಬ ಹೆಸರಿನ ಅವನ ಕಾಗದಗಳ ಸಂಪುಟದಲ್ಲಿ, ಇಂದಿಗೂ ಇದೆ. ಆಗ ಅವನಿಗೆ ಮೂವತ್ತರ ಪ್ರಾಯ. ಫ್ಲಾರೆನ್ಸಿನಲ್ಲಿ ಹೆಸರುವಾಸಿ ಗುರುವಿನ ಬಳಿ ಚಿತ್ರಕಲೆ ಕಲಿತವನು. ನಮ್ಮವರಾಗಿದ್ದರೆ ಮೊದಲ ಸಾಲಿನಲ್ಲಿಯೇ ಗುರುವಿನ ಹೆಸರನ್ನೂ ಎರಡನೆಯದರಲ್ಲಿ ಬರೆದ ಚಿತ್ರಗಳ ಪಟ್ಟಿಯನ್ನೂ ಕೊಡುತ್ತಿದ್ದರು. ಆ ಪತ್ರದಲ್ಲಿ ಇವೆರಡೂ ಇಲ್ಲ!

ಬದಲಿಗೆ ಏನಿದೆ? ಸುಲಭವಾಗಿ ಹೊತ್ತೊಯ್ಯಬಹುದಾದ ಹಗುರ ಸೇತುವೆಗಳನ್ನು ಮಾಡಬಲ್ಲೆ. ಕೋಟೆಗೆ ಮುತ್ತಿಗೆ ಹಾಕಿದಾಗ ಕಂದಕದ ನೀರನ್ನು ಬಸಿಯಬಲ್ಲೆ. ಸದ್ದಿಲ್ಲದೆ ಸುರಂಗ ತೋಡಬಲ್ಲೆ. ಮೇಲೆ ಹೊದಿಕೆಯುಳ್ಳ, ಶತ್ರುಗಳ ನಡುವೆ ನುಗ್ಗುವ ರಥಗಳನ್ನು ಕಟ್ಟಬಲ್ಲೆ – ಹೀಗೆ ಒಂದೊಂದಾಗಿ ಯುದ್ಧದ ವಿದ್ಯೆಗಳನ್ನು ಎಣಿಸಿ, ಶಾಂತಿಯ ಕಾಲಕ್ಕೆ ಕಟ್ಟಡಗಳನ್ನೂ ಕಾಲುವೆಗಳನ್ನೂ ಸೇರಿಸಿ, ಎಲ್ಲಕ್ಕೂ ಕಡೆಗೆ ಶಿಲ್ಪವನ್ನೂ ಚಿತ್ರವನ್ನೂ ಮಾಡಬಲ್ಲೆನೆಂದು ಹೇಳುತ್ತಾನೆ. ಇದರ ಮರ್ಮವು ಸ್ಪಷ್ಟವೇ ಇದೆ. 1482ರಲ್ಲಿ ಮಿಲಾನ್ ರಾಜ್ಯವು ಫೆರಾರಾದ ಪರವಾಗಿ ವೆನಿಸಿನ ವಿರುದ್ಧ ಯುದ್ಧದಲ್ಲಿ ತೊಡಗಿದ್ದಿತು. ಧಣಿಗೆ ಬೇಕಾದುದು ಫಿರಂಗಿ. ಅರ್ಜಿದಾರನು ಫಿರಂಗಿಯನ್ನು ಮುಂದಿಟ್ಟನು. ಆ ಯಂತ್ರಗಳನ್ನೆಲ್ಲ ಅವನು ಅದಾಗಲೇ ಮಾಡಿ ನೋಡಿದ್ದನೆಂದು ಯಾರೂ ತಿಳಿಯಬೇಕಾಗಿಲ್ಲ. ಧೈರ್ಯವೇನೋ ಅಸಾಧ್ಯವಾದುದು! ಆದರೆ ಕೊನೆಯಲ್ಲಿ ಅವನೊಂದು ಮಾತು ಸೇರಿಸುತ್ತಾನೆ: ಇವುಗಳಲ್ಲಿ ಯಾವುದಾದರೂ ಆಗದ ಕೆಲಸವೆಂದು ತೋರಿದರೆ ತಮ್ಮ ಉದ್ಯಾನದಲ್ಲಿಯೇ ಮಾಡಿ ತೋರಿಸಲು ಸಿದ್ಧನಿದ್ದೇನೆ, ಎಂದು. ನಮ್ಮ ದೃಷ್ಟಿಯಲ್ಲಿ ಇಡೀ ಪತ್ರದ ಬೆಲೆಯೆಲ್ಲ ಈ ಒಂದು ಮಾತಿನಲ್ಲಿದೆ. ಅವನು 1499ರವರೆಗೆ ಮಿಲಾನಿನಲ್ಲಿ ನೆಲೆಸಿದನು. 'ಕೊನೆಯ ಭೋಜನ'ದ ಚಿತ್ರವನ್ನು ಅಲ್ಲಿಯೇ ಬರೆದನು. ಪತ್ರದಲ್ಲಿ ಪ್ರಸ್ತಾಪಿಸಿದ್ದ ಕಂಚಿನ ಕುದುರೆಯನ್ನು ಮಾತ್ರ ಎರಕ ಹೊಯ್ಯಲಾಗಲಿಲ್ಲ. ಅದಕ್ಕೆಂದು ಕೂಡಿಸಿದ್ದ ಕಂಚು 1494ರಲ್ಲಿ ಫಿರಂಗಿಗಳಿಗಾಗಿ ಹೋಯಿತು. ವಿಧಿಗೂ ವಿನೋದವುಂಟು.

ಮಾಡಿ ತೋರಿಸುತ್ತೇನೆಂಬ ಮಾತು ನಮಗೆ ಹಿಡಿಸಲು ಕಾರಣವಿದೆ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವು ಅರ್ಜಿಗಳನ್ನು ಓದಿದವರಲ್ಲ. ದೋಸೆ ಹೊಯ್ಯುವೆನೆಂದು ಬಂದವನ ಕೈಗೆ ಸೌಟು ಕೊಡುತ್ತಿದ್ದೆವು. ಮೊದಲನೆಯ ದೋಸೆ ಕೆಟ್ಟರೆ ಕಾವಲಿಯ ದೋಷವಿರಬಹುದು. ಮೂರನೆಯದರ ಹೊತ್ತಿಗೆ ಅವನ ಜಾತಕವೆಲ್ಲ ಕಾವಲಿಯ ಮೇಲೆ ಮೂಡುತ್ತಿತ್ತು.

ಈಚಿನ ವರ್ಷಗಳಲ್ಲಿ ಹೆಸರು ಮಾಡಿದ ವಿಚಿತ್ರ ಅರ್ಜಿಗಳನ್ನು ನೋಡಿದರೂ ಇದೇ ಸತ್ಯ ಕಾಣುತ್ತದೆ. ನ್ಯೂಯಾರ್ಕಿನ ಜಾಹೀರಾತು ಬರಹಗಾರನೊಬ್ಬನು ತನಗೆ ಕೆಲಸ ಕೊಡಬಲ್ಲ ಐವರು ಹಿರಿಯರ ಹೆಸರುಗಳ ಮೇಲೆ ಗೂಗಲ್‌ನಲ್ಲಿ ಜಾಹೀರಾತು ಕೊಂಡನು. ತಮ್ಮ ಹೆಸರನ್ನು ತಾವೇ ಹುಡುಕಿ ನೋಡುವ ಚಪಲ ದೊಡ್ಡವರಿಗೂ ಇದೆಯೆಂಬುದು ಅವನ ಲೆಕ್ಕಾಚಾರ. ಖರ್ಚಾದದ್ದು 6 ಡಾಲರ್, ಕೆಲಸ ದೊರೆಯಿತು. 2016ರಲ್ಲಿ ಲಿಥುವೇನಿಯಾ ದೇಶದ ಒಬ್ಬ ತರುಣನು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ತಿಂಡಿ ತಲುಪಿಸುವ ಆಳಿನ ವೇಷದಿಂದ ಕಂಪನಿಗಳ ಬಾಗಿಲಿಗೆ ಹೋಗಿ ಡೋನಟ್ ಪೆಟ್ಟಿಗೆಗಳನ್ನು ಕೊಟ್ಟು ಬಂದನು. (ಡೋನಟ್ ಎಂದರೆ ನಮ್ಮ ಉದ್ದಿನವಡೆಗೆ ಸಕ್ಕರೆ ಕಾಯಿಲೆ ಬಂದಂತೆ, ಇರಲಿ.) ಮುಚ್ಚಳದ ಒಳಮೈಯಲ್ಲಿ ಅವನ ಅರಿಕೆಯಿತ್ತು. ಹಲವು ಕಂಪನಿಗಳು ಅವನನ್ನು ಸಂದರ್ಶನಕ್ಕೆ ಕರೆದವು.

ಇವರಿಬ್ಬರೂ ಪ್ರಚಾರದ ಕಸಬಿನವರೆಂಬುದನ್ನು ವಾಚಕರು ಗಮನಿಸಬೇಕು. ಮುಚ್ಚಿದ ಬಾಗಿಲನ್ನು ತೆರೆಯಿಸುವುದೇ ಅವರ ವಿದ್ಯೆ. ಅರ್ಜಿಯೇ ಆ ವಿದ್ಯೆಯ ಮಾದರಿಯಾಯಿತು. ಲೆಕ್ಕಪತ್ರದ ಗುಮಾಸ್ತನೊಬ್ಬನು ಸಿಹಿತಿಂಡಿಯ ಪೆಟ್ಟಿಗೆಯೊಡನೆ ಬಂದರೆ ಧಣಿಯು ತಿಂಡಿಯನ್ನು ತಿಂದು, ಇವನು ಲಂಚದ ಅಭ್ಯಾಸವುಳ್ಳವನೆಂದು ತಿಳಿದಾನು.

ಇನ್ನೊಂದು ತೊಡಕೂ ಇದೆ. ದೊಡ್ಡ ಕಂಪನಿಗಳಲ್ಲಿ ಈಗ ಅರ್ಜಿಯನ್ನು ಮೊದಲು ಓದುವುದು ಅನೇಕ ವೇಳೆ ಮನುಷ್ಯನಲ್ಲ, ಕಂಪ್ಯೂಟರ್. ಅದು ಹೆಸರು, ವಿದ್ಯೆ, ಅನುಭವದ ವರ್ಷಗಳು, ಕೆಲಸಕ್ಕೆ ಸಂಬಂಧಿಸಿದ ಪದಗಳು, ಇವುಗಳನ್ನು ಹೆಕ್ಕಿ ತೆಗೆದು ಕೋಷ್ಟಕದಲ್ಲಿ ತುಂಬುತ್ತದೆ. ಚಿತ್ರದೊಳಗೆ ಬರೆದ ಅಕ್ಷರ ಅದಕ್ಕೆ ಕಾಣದಿರಬಹುದು. ಎರಡು ಅಂಕಣಗಳಲ್ಲಿ ಬರೆದರೆ ಎಡದ ಸಾಲಿಗೆ ಬಲದ ಸಾಲನ್ನು ಹೊಲಿದು ಅನರ್ಥ ಮಾಡುವುದೂ ಉಂಟು. ಬಣ್ಣದ ಅರ್ಜಿ ಬೇಕೆಂಬವರು ಸಾದಾ ಪ್ರತಿಯೊಂದನ್ನೂ ಇಟ್ಟುಕೊಳ್ಳುವುದು ಲೇಸು. ಸರಕಾರಿ ಹಾಗೂ ಬ್ಯಾಂಕು ಕೆಲಸಗಳ ಮಾತೇ ಬೇರೆ. ಅಲ್ಲಿ ಭಾವಚಿತ್ರದ ಅಳತೆಯೂ ಮೊದಲೇ ನಿಗದಿಯಾಗಿರುತ್ತದೆ. ಜಾಣ್ಮೆಯೆಲ್ಲ ಪರೀಕ್ಷೆಯ ಕೋಣೆಗೇ ಮೀಸಲು.

ನಮ್ಮ ಸಮಾಜದ ತರುಣರ ವಿಷಯದಲ್ಲಿ ನಮಗೆ ಚಿಂತೆಯನ್ನು ತರುವುದು ಅರ್ಜಿಯ ಬಣ್ಣವಲ್ಲ, ಅದರಲ್ಲಿ ಬಿಟ್ಟುಹೋಗುವ ಸಂಗತಿ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಮುಂದೆ ಬ್ಯಾಂಕುಗಳಲ್ಲಿ, ವಕೀಲಿಯಲ್ಲಿ, ಸ್ವಂತ ವ್ಯಾಪಾರದಲ್ಲಿ ತಲೆಯೆತ್ತಿ ನಿಂತವರು ಈ ಮುಂಬಯಿಯಲ್ಲಿ ಎಷ್ಟೋ ಮಂದಿ. ಅವರ ಅರ್ಜಿಗಳಲ್ಲಿ ರಾತ್ರಿಶಾಲೆ ಕಾಣಿಸುತ್ತಿತ್ತು, ಹೋಟೆಲು ಕಾಣಿಸುತ್ತಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಈಚೆಗೆ ಒಬ್ಬ ತರುಣನು ತನ್ನ ಅರ್ಜಿಯನ್ನು ತಿದ್ದಿಕೊಡಬೇಕೆಂದು ನಮ್ಮಲ್ಲಿಗೆ ಬಂದಿದ್ದನು. ಒಂದು ಗೋದಾಮಿನ ಮೇಲ್ವಿಚಾರಕನ ಕೆಲಸಕ್ಕೆ ಬರೆದುದು. ನೀಲಿ ಅಂಚು, ದುಂಡು ಭಾವಚಿತ್ರ, ಇಂಗ್ಲಿಷಿನ ದೊಡ್ಡ ದೊಡ್ಡ ವಿಶೇಷಣಗಳು, ಎಲ್ಲವೂ ಇದ್ದವು. ಆದರೆ ನಡುವೆ ಆರು ವರ್ಷಗಳು ಮಾತ್ರ ಮಾಯವಾಗಿದ್ದವು. ಎಲ್ಲಿ ಹೋದವೆಂದು ಕೇಳಿದಾಗ, ಬಹಳ ಹೊತ್ತು ಬಿಟ್ಟು, ಸೋದರಮಾವನ ಕ್ಯಾಂಟೀನಿನಲ್ಲಿದ್ದೆನೆಂದನು. ಬೆಳಗ್ಗೆ ನಾಲ್ಕಕ್ಕೆ ಹಾಲು, ತರಕಾರಿಗಳನ್ನು ಇಳಿಸಿಕೊಳ್ಳುವುದು. ಕೆಟ್ಟುಹೋಗುವುದನ್ನು ಮೊದಲು ಖರ್ಚು ಮಾಡುವುದು. ಹನ್ನೊಂದು ಮಂದಿಯ ಪಾಳಿಯನ್ನು ಹೊಂದಿಸುವುದು. ತಿಂಗಳ ಕೊನೆಗೆ ಉದ್ರಿಯನ್ನು ವಸೂಲು ಮಾಡುವುದು. ಗೋದಾಮಿನವರು ಹುಡುಕುತ್ತಿರುವ ಮನುಷ್ಯನು ಈತನೇ. ಅರ್ಜಿಯಿಂದ ಅವನನ್ನು ಇವನೇ ಹೊರಗೆ ದಬ್ಬಿದ್ದನು.

ನೀಲಿ ಅಂಚನ್ನು ತೆಗೆದು, ಈ ನಾಲ್ಕು ಕೆಲಸಗಳನ್ನು ನಾಲ್ಕು ಸಾಲುಗಳಲ್ಲಿ, ಲೆಕ್ಕದ ಅಂಕಿಗಳೊಡನೆ ಮೊದಲಿಗೆ ಬರೆದು ತರಲು ಹೇಳಿದೆವು. ಮೂರು ದಿನಗಳ ಮೇಲೆ ತಂದನು. ಅಂಕಿಗಳೆಲ್ಲ ಸರಿಯಾಗಿದ್ದವು. ಕ್ಯಾಂಟೀನ್ ಮಾತ್ರ 'ಆತಿಥ್ಯೋದ್ಯಮ ಸಂಸ್ಥೆ'ಯಾಗಿತ್ತು. ನಾವು ಸೀಸದ ಕಡ್ಡಿಯಿಂದ ಅದನ್ನು ಹೊಡೆದುಹಾಕಿ 'ಕ್ಯಾಂಟೀನ್' ಎಂದೇ ಬರೆದೆವು. ಅವನು ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು, ಮನೆಯಲ್ಲಿ ಒಮ್ಮೆ ಕೇಳಿ ನೋಡುತ್ತೇನೆಂದು ಹೇಳಿ ಹೋದನು.