ತೆಗೆದ ಚಿತ್ರವನ್ನು ತಿದ್ದುವುದು

ಛಾಯಾಚಿತ್ರವನ್ನು ತಿದ್ದುವ ವಿದ್ಯೆ ಗಣಕಯಂತ್ರದೊಡನೆ ಹುಟ್ಟಿತೆಂದು ಭಾವಿಸುವವರುಂಟು. ಹಿಂದಿನ ಸ್ಟುಡಿಯೋಗಳಲ್ಲಿ ಚೂಪಾದ ಸೀಸದ ಕಡ್ಡಿ ಹಿಡಿದು, ನೆಗೆಟಿವ್‌ನ ಮೇಲೆಯೇ ಮುಖದ ಸುಕ್ಕುಗಳನ್ನು ಮರೆಮಾಡುವ ನಿಪುಣರಿದ್ದರು. ಅದಕ್ಕೂ ಬಹಳ ಹಿಂದೆ, 1855ರಲ್ಲಿ ಬರ್ಮಾದ ದೃಶ್ಯಗಳನ್ನು ಸೆರೆಹಿಡಿದು ಮುಂದೆ ಮದ್ರಾಸ್ ಸರಕಾರದ ಛಾಯಾಗ್ರಾಹಕನಾದ ಲಿನಿಯಸ್ ಟ್ರೈಪ್, ಕಾಗದದ ನೆಗೆಟಿವ್‌ಗೆ ಬಣ್ಣ ಹಚ್ಚಿ ಬರಿದಾದ ಆಕಾಶದಲ್ಲಿ ಮೋಡಗಳನ್ನು ಮೂಡಿಸಿದ್ದ. ಈಗ ಆ ಕೈಚಳಕ ಜೇಬಿನಲ್ಲಿ ಫೋನಿರುವ ಪ್ರತಿಯೊಬ್ಬರಿಗೂ ದಕ್ಕಿದೆ.

ಅರಸೀಕೆರೆ, ಹರಪನಹಳ್ಳಿ, ಕೊಟ್ಟೂರುಗಳ ಕಡೆಯ ಛಾಯಾಚಿತ್ರಾಸಕ್ತರಿಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ದೂರದ್ದಲ್ಲ. 2017ರಲ್ಲಿ ಪಕ್ಷಿ ಸಂರಕ್ಷಿತ ಪ್ರದೇಶವಾದ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನೀರಿನ ನಡುವಣ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ನೆರೆದಿರುವ ನೋಟ ಯಾರಿಗೂ ಕ್ಯಾಮರಾ ಎತ್ತುವ ಆಸೆ ಹುಟ್ಟಿಸುವಂಥದು. ಮನೆಗೆ ಬಂದು ನೋಡಿದಾಗಲೋ, ಬಯಲುಸೀಮೆಯ ಬಿಸಿಲಿನಲ್ಲಿ ಹಕ್ಕಿಯ ಬಿಳುಪು ಸುಣ್ಣದ ಗೋಡೆಯಂತಾಗಿರುತ್ತದೆ. ತಿದ್ದುವ ಪ್ರಶ್ನೆ ಏಳುವುದು ಅಲ್ಲಿಯೇ.

ಯಾವ ತಂತ್ರಾಂಶವನ್ನು ಆರಿಸಬೇಕು? 1990ರಲ್ಲಿ ಬಂದ ಫೋಟೋಶಾಪ್ ಪ್ರಬಲವಾದುದು, ನಿಜ. ಆದರೆ 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳಿಗೆ ಬಾಡಿಗೆಯಂತೆ ಚಂದಾ ತೆರುತ್ತಲೇ ಇರಬೇಕು. ವರ್ಷಕ್ಕೆ ನಾಲ್ಕು ಬಾರಿ ಹಕ್ಕಿ ನೋಡಲು ಹೋಗುವವನಿಗೆ ಆ ವೆಚ್ಚ ಅನಗತ್ಯವೆಂದೇ ನನ್ನ ಅಭಿಪ್ರಾಯ. ಗಿಂಪ್ ಮತ್ತು ಡಾರ್ಕ್‌ಟೇಬಲ್ ಉಚಿತವಾಗಿಯೇ ದೊರೆಯುತ್ತವೆ. ಬೆಲೆಗಿಂತ ಮುಖ್ಯವಾದುದು ಬೇರೊಂದಿದೆ: ಮೂಲಚಿತ್ರವನ್ನು ಮುಟ್ಟದೆ ಉಳಿಸುತ್ತದೆಯೇ ಎಂಬುದು. ಡಾರ್ಕ್‌ಟೇಬಲ್ ನಾವು ಮಾಡಿದ ತಿದ್ದುಪಡಿಗಳನ್ನು ಪಕ್ಕದಲ್ಲೊಂದು ಸಣ್ಣ ಕಡತದಲ್ಲಿ ಬರೆದಿಡುತ್ತದೆ, ಬೇಡವಾದರೆ ಹಿಂದಿರುಗಬಹುದು. ಜೆಪೆಗ್ ಚಿತ್ರವನ್ನಾದರೋ ತಿದ್ದಿ ತಿದ್ದಿ ಉಳಿಸಿದಷ್ಟೂ ಅದರ ವಿವರ ಸವೆಯುತ್ತ ಹೋಗುತ್ತದೆ.

ಸಾಧ್ಯವಿದ್ದವರು ‘ರಾ’ ರೂಪದಲ್ಲಿಯೇ ಚಿತ್ರ ತೆಗೆಯುವುದು ಲೇಸು. ಜೆಪೆಗ್‌ನಲ್ಲಿ ಪ್ರತಿಯೊಂದು ಮೂಲವರ್ಣಕ್ಕೆ 256 ಮೆಟ್ಟಿಲುಗಳಾದರೆ, 14 ಬಿಟ್‌ನ ರಾ ಕಡತದಲ್ಲಿ 16,384. ಬೆಳಕನ್ನು ತಗ್ಗಿಸಿದಾಗ ಗರಿಗಳ ಎಳೆ ಮತ್ತೆ ಕಾಣಿಸಿಕೊಳ್ಳುವುದು ಈ ಮೆಟ್ಟಿಲುಗಳ ಉಪಕಾರದಿಂದ. ಪೂರ್ತಿ ಸುಟ್ಟುಹೋದ ಬಿಳುಪನ್ನು ಮಾತ್ರ ಯಾವ ತಂತ್ರಾಂಶವೂ ಮರಳಿ ತರಲಾರದು. ಆದ್ದರಿಂದ ಕೆರೆಯ ದಂಡೆಯಲ್ಲಿಯೇ ಬೆಳಕನ್ನು ಒಂದಿಷ್ಟು ಕಡಿಮೆ ಹಿಡಿಯಬೇಕು.

ಆಮೇಲೆ ಬಣ್ಣ. ಇಲ್ಲಿಯೇ ಕೈ ತಡೆಯಬೇಕಾದುದು. ಬೆಳೆದ ಬಣ್ಣದ ಕೊಕ್ಕರೆಯ ಬಾಲದೆಡೆಯಲ್ಲಿ ನಸುಗೆಂಪು ಗರಿಗಳಿರುತ್ತವೆ. ಮರಿಗಳಾದರೋ ಮಂಕಾದ ಕಂದು. ವರ್ಣದ ಗುಂಡಿಯನ್ನು ವಿಪರೀತ ತಿರುಗಿಸಿದರೆ ಆ ಮಂಕು ಕಂದಿಗೂ ಇಲ್ಲದ ಕೆಂಪು ಏರಬಹುದು. ಮೇಲ್ನೋಟಕ್ಕೆ ಸುಂದರವೇ ಸರಿ. ಆದರೆ ಈ ವರ್ಷ ಕೆರೆಯಲ್ಲಿ ಮರಿಗಳು ಎಷ್ಟು ಎದ್ದವೆಂದು ಚಿತ್ರಗಳನ್ನು ನೋಡಿ ಎಣಿಸುವವನಿಗೆ ಅದು ಸುಳ್ಳು ಸಾಕ್ಷಿಯಾಗುತ್ತದೆ.

ಹಕ್ಕಿಯ ಮುಂದೆ ಅಡ್ಡ ಬಂದ ರೆಂಬೆಯ ವಿಷಯವೂ ಹಾಗೆಯೇ. ಈಗಿನ ತಂತ್ರಾಂಶಗಳು ಅದನ್ನು ಕ್ಷಣದಲ್ಲಿ ಅಳಿಸಿ, ಮರೆಯಾಗಿದ್ದ ರೆಕ್ಕೆಯನ್ನು ತಾವೇ ಊಹಿಸಿ ಬರೆದುಬಿಡುತ್ತವೆ. ಅಂತರರಾಷ್ಟ್ರೀಯ ನಿಸರ್ಗ ಛಾಯಾಚಿತ್ರ ಸ್ಪರ್ಧೆಗಳ ನಿಯಮ ಇದಕ್ಕೆ ಒಪ್ಪುವುದಿಲ್ಲ: ಅಂಚು ಕತ್ತರಿಸಬಹುದು, ಧೂಳಿನ ಚುಕ್ಕೆ ತೆಗೆಯಬಹುದು, ದೃಶ್ಯದಲ್ಲಿದ್ದುದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಸಂಶಯ ಬಂದರೆ ತೀರ್ಪುಗಾರರು ಕೇಳುವುದು ಮೂಲ ಕಡತವನ್ನು. ಅದನ್ನು ಬೇರೊಂದು ಡಿಸ್ಕಿನಲ್ಲಿ, ತೆಗೆದ ದಿನಾಂಕ, ಸ್ಥಳಗಳೊಡನೆ ಇರಿಸಿಕೊಂಡಿರಬೇಕು.