ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ

ಮನೆಯಲ್ಲಿ ಡ್ರಿಲ್ಲಿಂಗ್ ಮಷಿನ್, ಗ್ರೈಂಡರ್, ಮಾರ್ಬಲ್ ಕಟರ್ ಇಟ್ಟುಕೊಂಡವರ ಹತ್ತಿರ ಶಾಕ್‌ನ ಮಾತು ಎತ್ತಿ ನೋಡಿ. ‘ಎಂಸಿಬಿ ಹಾಕ್ಸಿದೀವಲ್ಲ ಸಾರ್, ಶಾಕ್ ಹೊಡೆದ್ರೆ ತಾನಾಗೇ ಬಿದ್ದೋಗುತ್ತೆ’ ಎನ್ನುತ್ತಾರೆ. ಮನೆ ಕಟ್ಟಿದ ಮೇಸ್ತ್ರಿಯೂ ಹೀಗೇ ಹೇಳುತ್ತಾನೆ, ಎಂಜಿನಿಯರಿಂಗ್ ಓದಿದ ಮನೆ ಯಜಮಾನನೂ ಹೀಗೇ ಹೇಳುತ್ತಾನೆ. ಮೇಸ್ತ್ರಿಯನ್ನಾದರೂ ಕ್ಷಮಿಸಬಹುದು.

ಲೆಕ್ಕ ಹಾಕಲು ಹೈಸ್ಕೂಲು ಪಾಠ ಸಾಕು. ಪವರ್ ಸಾಕೆಟ್‌ನ ಲೈನಿಗೆ ಹಾಕಿದ 16 ಆಂಪಿಯರ್ ಎಂಸಿಬಿ, ಅದಕ್ಕಿಂತ ಹೆಚ್ಚು ಕರೆಂಟು ಹರಿಯುತ್ತಲೇ ಇದ್ದರೆ ಒಳಗೆ ಬಿಸಿಯಾಗಿ ನಿಧಾನಕ್ಕೆ ಬೀಳುತ್ತದೆ. ತಟ್ಟನೆ ಬೀಳಬೇಕಾದರೆ, ಅದು ಸಿ ಕರ್ವ್‌ನದಾಗಿದ್ದರೆ, ಐದರಿಂದ ಹತ್ತು ಪಟ್ಟು ಬೇಕು. ಅಂದರೆ 80ರಿಂದ 160 ಆಂಪಿಯರ್. ನಾಲ್ಕಿಂಚಿನ ಗ್ರೈಂಡರ್ ಎಳೆಯುವುದೇ ಮೂರೂವರೆ, ನಾಲ್ಕು ಆಂಪಿಯರ್. ಇನ್ನು ಒದ್ದೆ ಕೈ, ಒದ್ದೆ ಕಾಲಿನಲ್ಲಿ ನಿಂತ ಮನುಷ್ಯ. ಅವನ ಮೈ ಸುಮಾರು ಸಾವಿರ ಓಮ್ ತಡೆ ಒಡ್ಡುತ್ತದೆ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಹರಿಯುವುದು ಕಾಲು ಆಂಪಿಯರ್‌ಗಿಂತ ಕಡಿಮೆ. ಎಂಸಿಬಿಯ ಪಾಲಿಗೆ ನೀವು ಉರಿಯುತ್ತಿರುವ ಒಂದು 50 ವಾಟ್ ಬಲ್ಬು. ಬಲ್ಬು ಹಾಕಿದರೆ ಅದು ಯಾಕೆ ಬೀಳಬೇಕು?

ಆದರೆ ಮೈಗೆ ಅಷ್ಟು ಬೇಕಾಗಿಯೇ ಇಲ್ಲ. ಕೈಗೆ ಕರೆಂಟು ಹಿಡಿದವನು ಎಷ್ಟರವರೆಗೆ ತಾನಾಗಿ ಬಿಡಿಸಿಕೊಳ್ಳಬಲ್ಲ ಎಂಬುದನ್ನು ಅಮೆರಿಕದ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜೀಲ್ ಸ್ವಯಂಸೇವಕರ ಮೇಲೆ ಪರೀಕ್ಷಿಸಿ ಅಳೆದಿದ್ದರು. ಗಂಡಸರಿಗೆ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಿಗೆ 10ರ ಆಸುಪಾಸು. ಅದನ್ನು ದಾಟಿದರೆ ಬಿಡಬೇಕೆಂದರೂ ಬೆರಳು ಬಿಡುವುದಿಲ್ಲ, ಇನ್ನಷ್ಟು ಬಿಗಿಯುತ್ತವೆ. ಡ್ರಿಲ್ಲು, ಗ್ರೈಂಡರುಗಳನ್ನು ನಾವು ಹಿಡಿಯುವುದೇ ಮುಷ್ಟಿ ಕಟ್ಟಿ. ಕರೆಂಟು 30 ಮಿಲಿ ಆಂಪಿಯರ್ ದಾಟಿ ಕೆಲವು ಕ್ಷಣ ಹರಿದರೆ ಹೃದಯದ ಬಡಿತ ಲಯ ತಪ್ಪುವ ಅಪಾಯ. ಎಂಸಿಬಿಯ 16 ಆಂಪಿಯರ್ ಎಂದರೆ 16,000 ಮಿಲಿ ಆಂಪಿಯರ್! ಅದನ್ನು ಮಾಡಿರುವುದು ಗೋಡೆಯೊಳಗಿನ ವೈರು ಕಾದು ಬೆಂಕಿ ಹತ್ತದಿರಲಿ ಎಂದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ಪಾಪ.

ಈ ನಂಬಿಕೆ ಸಾಯದಿರುವುದಕ್ಕೆ ಕಾರಣ, ಅದರಲ್ಲಿ ಅರ್ಧ ನಿಜ ಇರುವುದು. ಲೋಹದ ಮೈಯಿರುವ ಮಷಿನ್‌ನಲ್ಲಿ ಫೇಸ್ ವೈರು ಮೈಗೆ ತಾಗಿದಾಗ, ಅರ್ತಿಂಗ್ ಗಟ್ಟಿಯಾಗಿದ್ದರೆ ಅದರ ಮೂಲಕ ಭಾರಿ ಕರೆಂಟು ಹರಿದು ಎಂಸಿಬಿ ಬೀಳುತ್ತದೆ. ಅದನ್ನು ಕಂಡವರು ‘ಎಂಸಿಬಿ ಉಳಿಸ್ತು’ ಎಂದು ಊರೆಲ್ಲ ಹೇಳುತ್ತಾರೆ. ಆದರೆ ನಮ್ಮ ಅರ್ತ್ ಗುಂಡಿಗಳನ್ನು ನೋಡಿದ್ದೀರಾ? ಗೃಹಪ್ರವೇಶದ ಹೊತ್ತಿಗೆ ಉಪ್ಪು, ಇದ್ದಿಲು ಸುರಿದು ಮುಚ್ಚಿದ್ದು. ಆಮೇಲೆ ಅದರ ಮೇಲೆ ಟೈಲ್ಸ್ ಬಂದು ಕಾರು ನಿಂತಿದೆ. ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕಿದವರಿಲ್ಲ. ಹಾಗೆ ಒಣಗಿದ ಗುಂಡಿಯ ತಡೆ 20 ಓಮ್ ಆಗಿದ್ದರೆ ಹರಿಯುವುದು ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರ್. 16ರ ಎಂಸಿಬಿ ಬೀಳುವುದೇ ಇಲ್ಲ. ಮಷಿನ್‌ನ ಮೈ ಕರೆಂಟು ತುಂಬಿಕೊಂಡು ನಿಮ್ಮ ಕೈಗಾಗಿ ಕಾಯುತ್ತಿರುತ್ತದೆ.

ಮನುಷ್ಯನಿಗಾಗಿಯೇ ಮಾಡಿದ ಸಾಧನ ಬೇರೆ ಇದೆ. ಅಂಥದ್ದೊಂದನ್ನು 1961ರಲ್ಲಿ ರೂಪಿಸಿದವರೂ ಅದೇ ಡಾಲ್ಜೀಲ್. ನಮ್ಮಲ್ಲಿ ಆ ಜಾತಿಯ ಸಾಧನಕ್ಕೆ ಆರ್‌ಸಿಸಿಬಿ ಎನ್ನುತ್ತಾರೆ. ಎಷ್ಟು ಕರೆಂಟು ಹರಿಯಿತು ಎಂಬುದರ ಗೊಡವೆ ಅದಕ್ಕಿಲ್ಲ. ಫೇಸ್‌ನಲ್ಲಿ ಹೋದದ್ದೆಲ್ಲ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ತಾಳೆ ನೋಡುತ್ತದೆ. ನಿಮ್ಮ ಮೈಯಿಂದ ನೆಲಕ್ಕೆ ಸೋರಿ 30 ಮಿಲಿ ಆಂಪಿಯರ್ ಕಡಿಮೆ ಬಂದರೂ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕತ್ತರಿಸುತ್ತದೆ. ಕೊಳ್ಳುವಾಗ ಮೇಲೆ ಬರೆದ 30 ನೋಡಿ ಕೊಳ್ಳಬೇಕು. 100, 300ರವೂ ಸಿಗುತ್ತವೆ, ಅವು ಜೀವ ಕಾಯಲು ಮಾಡಿದವಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ರಬ್ಬರ್ ಮ್ಯಾಟ್ ಮೇಲೆ ನಿಂತವನನ್ನು ಇದೂ ಉಳಿಸಲಾರದು. ಅದರ ಮೈಮೇಲಿರುವ ಟೆಸ್ಟ್ ಬಟನ್ ಅಲಂಕಾರಕ್ಕಲ್ಲ, ಆಗಾಗ ಒತ್ತಿ ನೋಡಲಿಕ್ಕೆ.

ಇಷ್ಟೆಲ್ಲ ಹೇಳಿಸಿಕೊಂಡ ಮೇಲೆ ಬರುವ ಉತ್ತರ ಕೇಳಿ: ‘ನಮ್ಮನೇಲೂ ಇತ್ತು ಸಾರ್, ಮಳೆಗಾಲದಲ್ಲಿ ಸುಮ್ಸುಮ್ನೆ ಬೀಳ್ತಿತ್ತು, ಎಲೆಕ್ಟ್ರಿಷಿಯನ್‌ಗೆ ಹೇಳಿ ಡೈರೆಕ್ಟ್ ಮಾಡಿಸಿಬಿಟ್ವಿ.’ ಸುಮ್ಮನೆ ಬಿದ್ದದ್ದಲ್ಲ ಮಹಾರಾಯರೇ! ಒದ್ದೆಯಾದ ಹೊರಗಿನ ಸಾಕೆಟ್ಟೋ ಗೀಜರೋ ಮೋಟರೋ ಸೋರುತ್ತಿದೆ ಎಂದು ಕೂಗಿ ಹೇಳುತ್ತಿತ್ತು. ಕೂಗುವ ಬಾಯಿಯನ್ನೇ ಹೊಲಿದಿರಿ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಹವಾಯಿ ಚಪ್ಪಲಿ ಹಾಕಿದ್ದರೆ ಶಾಕ್ ಇಲ್ಲ ಎನ್ನುವವರ ಇನ್ನೊಂದು ಕೈ ಕಬ್ಬಿಣದ ಕಿಟಕಿ ಸರಳಿನ ಮೇಲಿರುತ್ತದೆ. ಪ್ಲಗ್ಗಿನ ದಪ್ಪ ಪಿನ್ನು ಗಟ್ಟಿಯಾಗಿ ಕೂರಲಿಕ್ಕೆ ಎನ್ನುವುದು ಸುಳ್ಳು. ಅರ್ತ್ ಮೊದಲು ಸೇರಿ ಕೊನೆಗೆ ಬಿಡಲಿ ಎಂದೇ ಅದನ್ನು ಉದ್ದ ಮಾಡಿದ್ದು, ಪ್ಲಗ್ಗು ಕಿತ್ತು ಬೆಂಕಿಕಡ್ಡಿ ಸಿಕ್ಕಿಸಿ ಬರೀ ವೈರು ತೂರಿಸುವವರಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಎರಡು ಪಿನ್ನಿನ ಡ್ರಿಲ್ಲೆಲ್ಲ ಡೂಪ್ಲಿಕೇಟ್ ಎನ್ನುವುದೂ ತಪ್ಪು, ಚೌಕದೊಳಗೆ ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ಇನ್ಸುಲೇಷನ್ ಇದೆ, ಅರ್ತ್ ಬೇಡ. ಬಟ್ಟೆಯ ಗ್ಲೌಸ್ ಹಾಕಿ ಡ್ರಿಲ್ ಹಿಡಿದರೆ ಸುರಕ್ಷಿತ ಎಂದುಕೊಂಡವರ ಗ್ಲೌಸಿನ ಎಳೆ ತಿರುಗುವ ಬಿಟ್‌ಗೆ ಸುತ್ತಿಕೊಂಡರೆ ಬೆರಳೂ ಹಿಂದೆಯೇ ಹೋಗುತ್ತದೆ.

ಆಯುಧಪೂಜೆಯ ದಿನ ಗ್ರೈಂಡರಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಮರುದಿನ ‘ಅಡ್ಡ ಬರುತ್ತೆ’ ಎಂದು ಅದರ ಗಾರ್ಡ್ ಕಳಚಿ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವವರ ಬಗ್ಗೆ ಏನು ಹೇಳುವುದು? ನಿಮಿಷಕ್ಕೆ 11,000 ಸುತ್ತು ತಿರುಗುವ ನಾಲ್ಕಿಂಚಿನ ಬ್ಲೇಡಿನ ಅಂಚು ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿರುತ್ತದೆ. ಹಲ್ಲು ಮರಕ್ಕೆ ಕಚ್ಚಿಕೊಂಡರೆ ಮಷಿನ್ ಹಿಂದಕ್ಕೆ ಒದೆಯುತ್ತದೆ, ಅದು ಬರುವುದು ಹಿಡಿದವನ ಕಡೆಗೇ. ಮೊಬೈಲಿನಲ್ಲಿ ಯಾರೋ ಬರಿಗೈಯಲ್ಲಿ ಮಾಡಿ ತೋರಿಸಿದ್ದು ಶಾಸ್ತ್ರವಾಗುತ್ತದೆ, ಪೆಟ್ಟಿಗೆಯೊಳಗೆ ಬಂದ ಪುಸ್ತಿಕೆ ಪ್ಲಾಸ್ಟಿಕ್ ಕವರಿನಿಂದ ಆಚೆಗೇ ಬರುವುದಿಲ್ಲ.

ಎಲ್ಲಕ್ಕೂ ಕೊನೆಗೊಂದು ಬ್ರಹ್ಮಾಸ್ತ್ರ ಇದ್ದೇ ಇದೆ: ‘ಮೂವತ್ತು ವರ್ಷದಿಂದ ಹೀಗೇ ಮಾಡ್ತಿದೀನಿ, ಏನೂ ಆಗಿಲ್ಲ.’ ಆಗಿಲ್ಲ, ಏಕೆಂದರೆ ಇಷ್ಟು ದಿನ ಇನ್ಸುಲೇಷನ್ ಗಟ್ಟಿಯಾಗಿತ್ತು. ಕೇಬಲ್ಲು ಹಿಡಿಕೆಯೊಳಗೆ ಹೋಗುವ ಜಾಗದಲ್ಲಿ ದಿನವೂ ಬಾಗಿ ಬಾಗಿ ಬಿರುಕು ಬಿಡುತ್ತದೆ, ಒಳಗೆ ಸವೆದ ಕಾರ್ಬನ್ ಬ್ರಷ್ಷಿನ ಪುಡಿ ಕೂರುತ್ತದೆ. ಆ ಮೂವತ್ತು ವರ್ಷದ ಮಷಿನ್ನನ್ನು ಮುಂದಿನ ಸಲ ಎತ್ತಿಕೊಳ್ಳುವ ಮುಂಚೆ, ಪ್ಲಗ್ ಕಿತ್ತು, ಆ ಜಾಗವನ್ನೊಮ್ಮೆ ಬಾಗಿಸಿ ನೋಡಲಿ.