ಘರಪಟ್ಟಿ ರಸೀದಿಯ ಬಲ ಎಷ್ಟು?

ಗೋವಾದ ಫೋಂಡಾ ತಾಲೂಕಿನ ಕುಂಡಯಿಯಲ್ಲಿ, ಆ ರಾಜ್ಯದ ಉಳಿದ ಹಳ್ಳಿಗಳಲ್ಲಿರುವಂತೆ, ಕಟ್ಟಡಗಳ ಮೇಲೆ ಗ್ರಾಮ ಪಂಚಾಯಿತಿ ವಿಧಿಸುವ ವಾರ್ಷಿಕ ತೆರಿಗೆಯನ್ನು ಜನರು ಘರಪಟ್ಟಿ ಎನ್ನುತ್ತಾರೆ. ಇದನ್ನು ವರ್ಷವರ್ಷವೂ ಕಟ್ಟಿ ರಸೀದಿ ಇಟ್ಟುಕೊಂಡರೆ ಮನೆಯೂ ಅದರಡಿಯ ನೆಲವೂ ತಮ್ಮದಾಗುತ್ತವೆಂಬ ನಂಬಿಕೆ ಬಲವಾಗಿದೆ. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ತೆರಿಗೆಯು ಕಟ್ಟಡವಿದೆ, ಅದನ್ನು ಇಂಥವರು ಅನುಭವಿಸುತ್ತಿದ್ದಾರೆ ಎಂಬುದನ್ನಷ್ಟೇ ಗುರುತಿಸುತ್ತದೆ.

ಗೋವಾದ ಮುಂಡ್ಕಾರ ಪದ್ಧತಿಯು ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಮುಂಡ್ಕಾರನೆಂದರೆ ಭಾಟಕಾರನ, ಅಂದರೆ ಭೂಮಾಲೀಕನ, ಒಪ್ಪಿಗೆಯಿಂದ ಅವನ ನೆಲದಲ್ಲಿ ವಾಸಿಸುವವನು. ಮುಂಡ್ಕಾರನಿಗೆ ಒಕ್ಕಲೆಬ್ಬಿಸುವಿಕೆಯಿಂದ ರಕ್ಷಣೆಯನ್ನೂ ಮನೆಯನ್ನು ಕೊಳ್ಳುವ ಹಕ್ಕನ್ನೂ ಕೊಟ್ಟದ್ದು 1975ರ ಮುಂಡ್ಕಾರ ಕಾಯ್ದೆಯೇ ಹೊರತು ಘರಪಟ್ಟಿಯಲ್ಲ, ರಸೀದಿಯು ವಾಸಕ್ಕೆ ಪೂರಕ ಸಾಕ್ಷ್ಯವಾಗಬಹುದು, ಅಷ್ಟೆ. ಕುಂಡಯಿಯ ಕೈಗಾರಿಕಾ ವಸಾಹತಿನಲ್ಲಿಯೂ ನಿವೇಶನಗಳನ್ನು ಕೈಗಾರಿಕಾ ಅಭಿವೃದ್ಧಿ ನಿಗಮವು ಗುತ್ತಿಗೆಗೆ ಕೊಡುವುದರಿಂದ, ಶೆಡ್ಡು ಕಟ್ಟಿದವನು ನೆಲದ ಒಡೆಯನಾಗುವುದಿಲ್ಲ. ಕಂದಾಯ ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಒಡೆತನ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂದು ಸುಪ್ರೀಂ ಕೋರ್ಟು 1996ರ ಸವರ್ಣಿ ಪ್ರಕರಣದಲ್ಲಿ ಹೇಳಿತು. ಗೋವಾದ ಭೂಹಕ್ಕಿನ ಪತ್ರವಾದ ನಮೂನೆ 1 ಮತ್ತು 14 ಕೂಡ, ಸುಳ್ಳೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸಲ್ಪಡುವ ದಾಖಲೆಯಷ್ಟೇ ಆಗಿರುವಾಗ, ತೆರಿಗೆ ರಸೀದಿಗೆ ಅದಕ್ಕಿಂತ ಹೆಚ್ಚಿನ ತೂಕ ಸಿಗಲಾರದು.

ತೆರಿಗೆ ಪಡೆದ ಮೇಲೆ ಪಂಚಾಯಿತಿ ಕಟ್ಟಡವನ್ನು ಅಕ್ರಮವೆನ್ನಲಾರದು ಎಂಬ ವಾದವೂ ಇದೇ ಜಾತಿಯದು. 1994ರ ಗೋವಾ ಪಂಚಾಯತ್ ರಾಜ್ ಕಾಯ್ದೆಯ 66ನೆಯ ಕಲಮಿನ ಪ್ರಕಾರ ಕಟ್ಟಲು ಪೂರ್ವಾನುಮತಿ ಬೇಕು. ತೆರಿಗೆಯ ಅಧಿಕಾರ ಬೇರೆ ಕಲಮಿನಿಂದ ಬಂದದ್ದು. ಕರ್ನಾಟಕದಲ್ಲಿ ಬಿ ಖಾತೆಯನ್ನು, ಅಂದರೆ ನಿಯಮಬದ್ಧವಲ್ಲದ ಆಸ್ತಿಗಳಿಂದ ತೆರಿಗೆ ವಸೂಲಿಗೆಂದು ಇಟ್ಟ ದಾಖಲೆಯನ್ನು, ಸಕ್ರಮದ ಮುದ್ರೆಯೆಂದು ಭಾವಿಸಿ ನಿವೇಶನ ಕೊಂಡವರೂ ಇದೇ ಗೊಂದಲಕ್ಕೆ ಬಿದ್ದಿದ್ದಾರೆ.

ಘರಪಟ್ಟಿಯ ದರವನ್ನು ಸರಪಂಚರು ಮನಬಂದಂತೆ ನಿಗದಿಪಡಿಸುತ್ತಾರೆಂಬುದೂ ತಪ್ಪು. ಭೂಮಿ ಮತ್ತು ಕಟ್ಟಡಗಳ ತೆರಿಗೆ ಸಂವಿಧಾನದ ರಾಜ್ಯ ಪಟ್ಟಿಯ 49ನೆಯ ಅಂಶ. 243ಎಚ್ ವಿಧಿಯಂತೆ ರಾಜ್ಯ ಶಾಸನಸಭೆಯು ವಿಧಾನವನ್ನೂ ಮಿತಿಯನ್ನೂ ಕಾನೂನಿನಿಂದ ನಿಶ್ಚಯಿಸಿ ಪಂಚಾಯಿತಿಗೆ ಅಧಿಕಾರ ವಹಿಸುತ್ತದೆ, ಮತ್ತು ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲವೆಂದು 265ನೆಯ ವಿಧಿ ಹೇಳುತ್ತದೆ.

ಇನ್ನು, ರಸ್ತೆಯಿಲ್ಲ, ದೀಪವಿಲ್ಲ, ಆದ್ದರಿಂದ ಕಟ್ಟಬೇಕಾಗಿಲ್ಲ ಎಂಬ ಮಾತು ನ್ಯಾಯವಾಗಿ ಕೇಳಿಸುತ್ತದೆ, ಆದರೆ ನಿಲ್ಲುವುದಿಲ್ಲ. ನಿರ್ದಿಷ್ಟ ಸೇವೆಗೆ ಪ್ರತಿಯಾಗಿ ಕೊಡುವುದು ಶುಲ್ಕ, ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯವಾಗಿ ಕೊಡುವುದು ತೆರಿಗೆ. ಈ ವಿಂಗಡಣೆಯನ್ನು ಸುಪ್ರೀಂ ಕೋರ್ಟು ವಿವರಿಸಿದ್ದು 1954ರಲ್ಲಿ, ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಸೇವೆಯ ಕೊರತೆಯನ್ನು ಗ್ರಾಮಸಭೆಯಲ್ಲಿ ಕೇಳಬಹುದು, ಕೇಳಲೂ ಬೇಕು. ಘರಪಟ್ಟಿಯ ಬಾಕಿ ಮಾತ್ರ ಅದರಿಂದ ಕಡಿಮೆಯಾಗುವುದಿಲ್ಲ.